ಅಪ್ಪನ ಹಿಂದೆ ಬಿದ್ದವರು

ನಮ್ಮಪ್ಪನಿಗೆ ಮೊಬೈಲಿನಲ್ಲಿ ಕಂಡದ್ದೆಲ್ಲ ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುವಂಥದ್ದೇ. ಹಲ್ಲಿ ಓಡಿಸುವ ಬಗೆ, ಕುಕ್ಕರಿನ ರಬ್ಬರು ಸಡಿಲಾದರೆ ಮಾಡಬೇಕಾದ್ದು, ಒಂಟೆಯ ಹಾಲು ಕಾಯಿಸುವ ಕ್ರಮ. ಬೆಟಗೇರಿಗೆ ಒಂಟೆ ಎಲ್ಲಿಂದ ಬರಬೇಕು ಎಂದು ಅವ್ವ ಕೇಳಿದರೆ, ಬಂದಾಗ ಗೊತ್ತಿರಲಿ ಎನ್ನುತ್ತಿದ್ದ. ಕಂಡದ್ದನ್ನೆಲ್ಲ ನನಗೂ ಕಳಿಸುತ್ತಿದ್ದ. ನಾನು ಶಾಲೆಯಲ್ಲಿ ಪಾಠ ಮಾಡುವಾಗ ಚೀಲದೊಳಗಿನ ಮೊಬೈಲು ಟಿಣ್ ಟಿಣ್ ಎನ್ನುತ್ತಲೇ ಇರುತ್ತಿತ್ತು.

ಆ ಕಾಟ ತಾಳಲಾರದೆ ಅವನಿಗೊಂದು ಆ್ಯಪ್ ಹಾಕಿಕೊಟ್ಟೆ. ಹಿಡಿಸಿದ ಲಿಂಕನ್ನು ಅದರಲ್ಲಿ ಸೇವ್ ಮಾಡಿ, ಕೆಳಗೆ ಎರಡು ಮಾತು ಬರೆದಿಟ್ಟುಕೊಳ್ಳಬಹುದು. ಅಪ್ಪ ಹಿಗ್ಗಿದ. ನನ್ನ ಮೊಬೈಲು ತಣ್ಣಗಾಯಿತು. ಅವನು ಕೂಡಿಟ್ಟದ್ದನ್ನು ಬೇರೆಯವರೂ ನೋಡಬಹುದು ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೆಲವು ದಿನಗಳಾದ ಮೇಲೆ ಅಪ್ಪನ ನಡಿಗೆಯೇ ಬದಲಾಯಿತು. ಕಾಯಿಪಲ್ಲೆ ತರಲು ಹೊರಟವನು ಎಂದೂ ಹೋಗದ ಓಣಿ ಹಿಡಿಯುತ್ತಿದ್ದ. ಚಪ್ಪಲಿ ಸರಿ ಮಾಡಿಕೊಳ್ಳುವ ನೆವದಲ್ಲಿ ಬಗ್ಗಿ ಹಿಂದೆ ನೋಡುತ್ತಿದ್ದ. ಏನಾಯಿತು ಎಂದು ಕೇಳಿದರೆ ಕುತ್ತಿಗೆ ಹಿಡಿದಿದೆ ಎನ್ನುತ್ತಿದ್ದ. ಅವ್ವ ಪಾಪ, ದಿನಾ ಎಣ್ಣೆ ತಿಕ್ಕುತ್ತಿದ್ದಳು.

ಲಕ್ಕುಂಡಿಯಲ್ಲಿ ಅಪ್ಪನ ಗೆಳೆಯನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಅಪ್ಪನ ಜೊತೆ ನಾನೂ ಹೊರಟೆ. ಗದಗ ಬಸ್‌ ನಿಲ್ದಾಣದಲ್ಲಿ ವಿಚಾರಿಸಿ ಬಂದವನು ಒಮ್ಮೆ ಹಿಂದೆ ನೋಡಿ ಸರ್ರನೆ ಮುಂಡರಗಿ ಬಸ್ಸು ಹತ್ತಿದ. ಇದಲ್ಲ ಎನ್ನುತ್ತ ನಾನೂ ಹತ್ತಿದೆ. ನಮ್ಮ ಹಿಂದೆ ಚಾಪೆಯ ಸುರುಳಿ ಹಿಡಿದ ಹಿರಿಯರೊಬ್ಬರು ಹತ್ತಿದರು. ಅಪ್ಪ ಮುಂದಿನ ಬಾಗಿಲಿನಿಂದ ಇಳಿದ. ಅವರೂ ಇಳಿದರು. ಅಪ್ಪ ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಚಾಪೆಯೂ ಹತ್ತಿತು. ಕೊನೆಗೆ ಅಪ್ಪ ಕೆಳಗಿಳಿದು ಎದೆ ಸೆಟೆಸಿ ನಿಂತು ಕೇಳಿದ:

"ಯಾಕ್ರಿ, ನನ್ನ ಹಿಂದ ಯಾಕ ಬಿದ್ದೀರಿ?"

ಅವರು ಏದುಸಿರು ಬಿಡುತ್ತ ಚಾಪೆ ಕೆಳಗಿಟ್ಟರು. "ಲಕ್ಕುಂಡಿ ಬಸ್ ಎಲ್ಲೈತಿ ಅಂತ ನೀವು ಕೇಳಿದ್ದು ಕೇಳಿಸ್ತು. ನಂಗೂ ಅಲ್ಲೇ ಹೋಗೂದೈತ್ರಿ, ಬೋರ್ಡ್ ಕಾಣಂಗಿಲ್ಲ. ಆದ್ರ ನಿಮಗ ನನಗಿಂತ ಕಡಿಮಿ ಕಾಣ್ತೈತಿ ಅನಸ್ತೈತಿ."

ಮೂವರೂ ಸೇರಿ ಸರಿಯಾದ ಬಸ್ಸು ಹತ್ತಿದೆವು. ಅವರು ಅಪ್ಪನ ಮೇಲಿನ ಕರುಣೆಯಿಂದ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ದಾರಿಯಲ್ಲಿ ಅಪ್ಪ ಮೆಲ್ಲಗೆ ಮೊಬೈಲು ತೆಗೆದು ತೋರಿಸಿದ. 'ಒಬ್ಬರು ನಿಮ್ಮನ್ನು ಹಿಂಬಾಲಿಸುತ್ತಿದ್ದಾರೆ' ಎಂದು ಆ್ಯಪ್ ಅಚ್ಚಗನ್ನಡದಲ್ಲಿ ಎಚ್ಚರಿಸಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹಿಂಬಾಲಿಸುವುದೆಂದರೆ ಬೀದಿಯಲ್ಲಲ್ಲ, ನೀನು ಕೂಡಿಟ್ಟದ್ದನ್ನು ಯಾರೋ ಕುಳಿತಲ್ಲೇ ನೋಡುತ್ತಿದ್ದಾರೆ, ಅಷ್ಟೇ ಎಂದು ಬಿಡಿಸಿ ಹೇಳಿದೆ. ಅಪ್ಪನಿಗೆ ಸಮಾಧಾನಕ್ಕಿಂತ ಕುತೂಹಲ ಹೆಚ್ಚಾಯಿತು. ಯಾರವರು?

ಹೆಸರಿರಲಿಲ್ಲ, ಗಿಳಿಯ ಚಿತ್ರವಿತ್ತು. ಹುಡುಕುತ್ತ ಹೋದರೆ ಅಪ್ಪ ಸೇವ್ ಮಾಡಿದ್ದ ರೊಟ್ಟಿಯ ವಿಡಿಯೊ ಸಿಕ್ಕಿತು. ಅದರ ಕೆಳಗೆ ಅಪ್ಪ, 'ರೊಟ್ಟಿ ಮೆತ್ತಗೆ ಆಗುವುದು ಹೀಗೆ. ಶಿರಹಟ್ಟಿಯವರು ನೋಡಿ ಕಲಿಯಬೇಕು' ಎಂದು ಬರೆದಿಟ್ಟಿದ್ದ. ಅದರ ಕೆಳಗೆ ಗಿಳಿ ಉತ್ತರ ಕೊಟ್ಟಿತ್ತು: 'ನೋಡೀನಿ. ಕಲಿಯೂದೇನಿಲ್ಲ. ಆ ವಿಡಿಯೊದಾಕಿಗೆ ಹಿಟ್ಟು ನಾದಾಕ ಬರಂಗಿಲ್ಲ.'

ಶಿರಹಟ್ಟಿಯಲ್ಲಿರುವುದು ಅಪ್ಪನ ತಂಗಿ, ನನ್ನ ಸೋದರತ್ತೆ. ಹಿಂದೊಮ್ಮೆ ಹಬ್ಬದೂಟದಲ್ಲಿ ಅಪ್ಪ ಅವಳ ರೊಟ್ಟಿಯನ್ನು ತಾಟಿಗೆ ಟಕಟಕ ಬಡಿದು ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಲಕ್ಕುಂಡಿಯಲ್ಲಿ ಊಟ ಮುಗಿಸಿ ಅಪ್ಪ ಪೆಂಡಾಲಿನ ಮೂಲೆಗೆ ಹೋಗಿ ಅವಳಿಗೆ ಫೋನ್ ಹಚ್ಚಿದ. ಗದರಿಸುವ ದನಿಯಲ್ಲೇ ಶುರು ಮಾಡಿದ. ಅತ್ತೆಯ ಮಾತು ನನಗೂ ಕೇಳಿಸಿತು.

"ಮಾತಾಡೂದು ಬಿಟ್ಟಿದ್ದೆ ಅಣ್ಣಾ. ನೀ ಹೆಂಗದೀ ಅಂತ ನೋಡೂದು ಬಿಟ್ಟಿರಲಿಲ್ಲ."

ಅಪ್ಪ ಪೆಂಡಾಲಿನ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದ. ಆಮೇಲೆ ಭಾನುವಾರ ಬರುತ್ತೇವೆ ಎಂದ.

ಭಾನುವಾರ ಶಿರಹಟ್ಟಿಯಲ್ಲಿ ಅತ್ತೆ ಅಪ್ಪನ ಎದುರೇ ಕುಳಿತು ಬಡಿಸಿದಳು. ಅಪ್ಪ ರೊಟ್ಟಿಯನ್ನು ಎರಡೂ ಕೈಯಿಂದ ಬಹಳ ಮರ್ಯಾದೆಯಿಂದ ಮುರಿದ. ಪಲ್ಯ ಚೆನ್ನಾಗಿದೆ ಎಂದ. ರೊಟ್ಟಿಯ ಸುದ್ದಿ ಎತ್ತಲಿಲ್ಲ, ಇನ್ನೊಂದು ಹಾಕಿಸಿಕೊಂಡ. ಅತ್ತೆಗೆ ಅಷ್ಟು ಸಾಕಾಯಿತು. ಕೈ ತೊಳೆದ ಮೇಲೆ ಅದೇ ಆ್ಯಪ್‌ನಲ್ಲಿ ತಾನು ಕೂಡಿಟ್ಟ ಕಸೂತಿಯ ಮಾದರಿಗಳನ್ನು ತೋರಿಸಿದಳು. ಅವಳನ್ನು ಫಾಲೋ ಮಾಡುವವರು ಒಂದು ಮದುವೆಗೆ ಸೇರುವಷ್ಟು ಜನ ಇದ್ದರು. ಅಪ್ಪನಿಗೆ ಇದ್ದವಳು ಅವಳೊಬ್ಬಳೇ.

ಬಸ್ಸಿನಲ್ಲಿ ಅಪ್ಪ ಅತ್ತೆಯ ಕಸೂತಿಗಳನ್ನೇ ಮೊಬೈಲಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡುತ್ತಿದ್ದ. ಗದಗ ಬಂದಾಗ, ಕಸೂತಿ ಹಾಕುವುದು ಭಾಳ ಕಷ್ಟವೇನು ಎಂದು ಕೇಳಿದ. ಮರುದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತು, ಅವ್ವನ ಸೂಜಿ ಹಿಡಿದು, ಕರವಸ್ತ್ರಕ್ಕೆ ನವಿಲು ಹಾಕುತ್ತಿದ್ದ. ಅದನ್ನು ತನ್ನ ಪಂಚೆಗೇ ಸೇರಿಸಿ ಹೊಲಿದುಕೊಂಡಿದ್ದರಿಂದ ಎತ್ತಿ ತೋರಿಸಲು ಆಗಲಿಲ್ಲ.