ಕಲ್ಲಿನ ಮೇಲೆ ಸುಣ್ಣದ ಗೆರೆ

ಶಹಾಬಾದಿನಲ್ಲಿ ಇಳಿದ ಮೊದಲ ದಿನವೇ ನಾನು ಒಬ್ಬರ ಮನೆಯ ಅಂಗಳದಲ್ಲಿ ಕುಣಿದೆ. ಸಂತೋಷಕ್ಕಲ್ಲ. ನಮ್ಮೂರಿನ ರೂಢಿಯಂತೆ ಚಪ್ಪಲಿಯನ್ನು ಹೊರಬಾಗಿಲಲ್ಲೇ ಬಿಟ್ಟು ಒಳಗೆ ಕಾಲಿಟ್ಟಿದ್ದೆ. ಅದು ಮಣ್ಣಿನ ಅಂಗಳವಲ್ಲ, ಕಲ್ಲು ಹಾಸಿದ ಅಂಗಳ ಎಂಬುದು ಅಂಗಾಲಿಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಬೇಸಿಗೆಯ ನಡು ಮಧ್ಯಾಹ್ನ. ನೆರಳು ಸಿಗುವವರೆಗೆ ಒಂದೊಂದೇ ಕಾಲೆತ್ತಿ ಹಾರುತ್ತ ಹೋದ ನನ್ನನ್ನು ನೋಡಿ ಮನೆಯಾಕೆ ಶರಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅಯ್ಯ ಶಿವನ! ಚಪ್ಪಲ್ ಹಾಕ್ಕೊಂಡ ಬರ್ರಿ ಸಾಹೇಬ್ರ. ಶಾಬಾದ್ ಅದಾರಿ ಇದು!"

ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದೆರಡು ವರ್ಷ ಕಳೆದಿದ್ದವು. ಅರಸೀಕೆರೆಯ ಹತ್ತಿರದ ನಮ್ಮೂರಿನವರಿಗೆ ಈ ಭಾಗ ಇನ್ನೂ "ನಿಜಾಮರ ಸೀಮೆ"ಯೇ. ನಾನು ಹೊರಟಾಗ ನಮ್ಮಮ್ಮ ಒಂದು ಡಬ್ಬಿ ಕಾಫಿಪುಡಿ, ಒಂದು ಗಂಟು ರಾಗಿಹಿಟ್ಟು ಕಟ್ಟಿಕೊಟ್ಟಿದ್ದರು, ಯುದ್ಧಕ್ಕೆ ಹೋಗುವವನಿಗೆ ಕೊಟ್ಟ ಹಾಗೆ. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ನಾಲವಾರ, ವಾಡಿ ದಾಟಿ ಬರುವಾಗ ಕಿಟಕಿಯಾಚೆ ತೆಂಗಿನ ಮರಕ್ಕಾಗಿ ಹುಡುಕುತ್ತಲೇ ಇದ್ದೆ. ಕರಿಮಣ್ಣು, ಬೇವಿನ ಮರ, ಮತ್ತೆ ಕರಿಮಣ್ಣು. ಸ್ಟೇಷನ್ನಿನಾಚೆ ಅಂಗಡಿಗಳ ಹಲಗೆಗಳೆಲ್ಲ ಉರ್ದುವಿನಲ್ಲಿದ್ದವು. ಅಕ್ಷರ ಬಲ್ಲವನೆಂದು ಕೆಲಸ ಸಿಕ್ಕಿದ್ದ ನಾನು ಆ ಬೀದಿಯಲ್ಲಿ ಅನಕ್ಷರಸ್ಥನಾಗಿ ನಡೆದೆ.

ನನಗೆ ಸಿಕ್ಕಿದ್ದು ಒಂದು ಕಲ್ಲಿನ ಖಣಿಯಲ್ಲಿ ಮುನಶಿ ಕೆಲಸ. ಖಣಿ ಎಂದರೆ ನೆಲ ಅಗೆದು ಕಲ್ಲು ತೆಗೆಯುವ ಜಾಗ. ಮುನಶಿ ಎಂದರೆ ಅಲ್ಲಿ ಅಳತೆ ನೋಡಿ, ಪತ್ರ ಬರೆದು, ಕೆಲಸದ ಮೇಲೆ ಕಣ್ಣಿಡುವವನು. ಅಲ್ಲಿಯ ಕಲ್ಲಿಗೆ ಫರ್ಸಿ ಎನ್ನುತ್ತಾರೆ. ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಮಲಗಿರುತ್ತದೆ, ಎಬ್ಬಿಸಿದರೆ ಚಪ್ಪಡಿಯಾಗಿ ಏಳುತ್ತದೆ. ಮನೆಯ ನೆಲ ಅದರದು, ಗೋಡೆ ಅದರದು, ಮಾಡು ಅದರದು, ದನದ ಕೊಟ್ಟಿಗೆಯ ಬೇಲಿಯೂ ಅದರದೇ. ನಮ್ಮಲ್ಲಿ ಮನೆಗೊಂದು ಒರಳು, ಬಾವಿಕಟ್ಟೆಗೊಂದು ಬಟ್ಟೆ ಒಗೆಯುವ ಕಲ್ಲು ತಂದರೆ ಕಲ್ಲಿನ ಸಹವಾಸ ಮುಗಿಯಿತು.

ಶರಣಮ್ಮನ ಗಂಡ ಭೀಮಶ್ಯಾ ಅದೇ ಖಣಿಯ ಹಿರಿಯ ಕೆಲಸಗಾರ. ಅವರ ಮನೆಯ ಪಡಸಾಲೆಗೆ ಹೊಂದಿದ ಒಂದು ಕೋಣೆಯೇ ನನ್ನ ಬಿಡಾರ. ನಾನು ಅವರನ್ನು ಕಾಕಾ, ಆಕೆಯನ್ನು ಕಾಕಿ ಎಂದು ಕರೆಯತೊಡಗಿದೆ. ರಾಗಿಹಿಟ್ಟು ಮುಗಿದ ವಾರ ಜೋಳದ ರೊಟ್ಟಿ, ಹುಳಿಸೊಪ್ಪಿನ ಪುಂಡಿ ಪಲ್ಯ ನನ್ನ ಗಂಟಲಲ್ಲಿ ಇಳಿಯದೆ ನಾನು ಕಾಕಿಯ ಕಣ್ಣು ತಪ್ಪಿಸಿ ರೊಟ್ಟಿಯನ್ನು ಎಮ್ಮೆಗೆ ಹಾಕಿದ್ದುಂಟು. ಎಮ್ಮೆಯೇ ಬಯಲು ಮಾಡಿತು. ನಾನು ಅಂಗಳಕ್ಕೆ ಬಂದರೆ ಸಾಕು, ನನ್ನ ಕೈ ಮೂಸಲು ಬರುತ್ತಿತ್ತು. ಕಾಕಿ ಮರುದಿನ ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ ಇಟ್ಟು, ನಾನು ಉಣ್ಣುವವರೆಗೂ ಎದುರಿಗೆ ಕೂತಳು. ಒಂದು ವರ್ಷದ ಮೇಲೆ ಅದೇ ಪುಂಡಿ ಪಲ್ಯಕ್ಕಾಗಿ ನಾನು ಎರಡು ಸಲ ತಟ್ಟೆ ಚಾಚುತ್ತಿದ್ದೆ. ಈಗ ನೆನೆದರೂ ನಾಲಿಗೆಯಲ್ಲಿ ಆ ಹುಳಿ ಏಳುತ್ತದೆ.

ಖಣಿಯಲ್ಲಿ ನಾನು ಮೊದಲು ಕಂಡ ವಿಚಿತ್ರ ಅವರ ಮುಂಜಾನೆ. ಮೇಲಿನ ಮಣ್ಣು ಗುಡಿಸಿದ ಕಲ್ಲಿನ ಮೇಲೆ ಭೀಮಶ್ಯಾ ಕಾಕಾ ಬರಿಗಾಲಲ್ಲಿ ನಡೆಯುತ್ತಿದ್ದರು. ಎರಡು ಹೆಜ್ಜೆಗೊಮ್ಮೆ ಬಗ್ಗಿ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದರು. ಹೆಂಗಸರು ಬುಟ್ಟಿ ಇಳಿಸಿ, ಗಂಡಸರು ಬೀಡಿ ಆರಿಸಿ ಸುತ್ತ ನಿಲ್ಲುತ್ತಿದ್ದರು. ಆಮೇಲೆ ಕಾಕಾ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, "ನಿನಗೇನ್ ಕೇಳಿಸ್ತು?" ಒಬ್ಬ ಇಲ್ಲಿ ಟೊಳ್ಳು ಅನ್ನುವನು, ಇನ್ನೊಬ್ಬಳು ಅಲ್ಲ ಅಲ್ಲಿ ಅನ್ನುವಳು. ವಾದ, ನಗೆ, ಪಂಥ. ಕೊನೆಗೆ ಕಾಕಾ ಒಂದು ಕಡೆ ಹೆಬ್ಬೆರಳು ಊರಿ "ಇಲ್ಲಿ" ಎಂದ ಮೇಲೆ ಹಾರೆ ಬೀಳುತ್ತಿತ್ತು. ಚಪ್ಪಡಿ ಇಡಿಯಾಗಿ ಎದ್ದರೆ ಎಲ್ಲರೂ ಅದರ ಮುಖ ನೋಡಲು ಬರುತ್ತಿದ್ದರು, ಮಗು ಹುಟ್ಟಿದ ಮನೆಗೆ ಬಂದ ಹಾಗೆ. ಯಾರ ಮಾತು ನಿಜವಾಯಿತೋ ಅವರಿಗೆ ಆ ದಿನವೆಲ್ಲ ಮೆರವಣಿಗೆ.

ನನಗೆ ಇದು ಹೊತ್ತುಗಳೆಯುವ ಚಟವಾಗಿ ಕಂಡಿತು. ಈಗ ನಿಜ ಹೇಳುತ್ತೇನೆ. ನನಗೆ ಉರಿದದ್ದು ಹೊತ್ತು ಹೋಗುತ್ತದೆಂದಲ್ಲ, ನನ್ನನ್ನು ಯಾರೂ ಏನೂ ಕೇಳುವುದಿಲ್ಲವೆಂದು. ಹಾಸನದಲ್ಲಿ ಸರ್ವೆ ಕೆಲಸ ಕಲಿತು ಬಂದವನು ನಾನು, ಇಲ್ಲಿ ಚಪ್ಪರದ ನೆರಳಲ್ಲಿ ಕೂತು ನೊಣ ಓಡಿಸುತ್ತಿದ್ದೆ. "ಕುಂದ್ರಿ ಮುನಶಿ ಸಾಹೇಬ್ರ, ನಾವ್ ನೋಡ್ಕೋತೀವಿ" ಎಂದು ಅವರು ಗೌರವದಿಂದಲೇ ಹೇಳುತ್ತಿದ್ದರು. ಮನೆಗೆ ಬರೆದ ಕಾಗದದಲ್ಲಿ ಮಾತ್ರ ನಾನು ದೊಡ್ಡ ಮನುಷ್ಯ.

ಸೇಡಂನ ಹೊಸ ಶಾಲೆಯೊಂದಕ್ಕೆ ಒಂದೇ ಅಳತೆಯ ಚಪ್ಪಡಿಗಳು ಬೇಕೆಂದಾಗ ನನ್ನ ಕಾಲ ಬಂತು. ಖಣಿಯ ಒಡೆಯರಾದ ಸಾಹುಕಾರರ ಒಪ್ಪಿಗೆ ಪಡೆದು, ಎಲ್ಲರಿಗಿಂತ ಮೊದಲೇ ಹೋಗಿ, ದಾರಕ್ಕೆ ಸುಣ್ಣ ಹಚ್ಚಿ ಎಳೆದು ಬಿಟ್ಟು ಕಲ್ಲಿನ ತುಂಬ ಗೆರೆ ಹೊಡೆದೆ. ಚೌಕ, ಚೌಕ, ಚೌಕ. ಕಾಕಾ ಬಂದವರು ಗೆರೆ ನೋಡಿದರು, ನನ್ನನ್ನು ನೋಡಿದರು.

"ಇಲ್ಲೇ ಹೊಡೀಬೇಕೇನ್ರಿ?"

"ಹೌದು ಕಾಕಾ. ಇನ್ನು ಮೇಲೆ ಬಡಿದು ನೋಡೋದೇನೂ ಬೇಡ."

"ಆಯ್ತ್ರಿ" ಎಂದು ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕಲ್ಲು ಒಡೆದುಹೋಯಿತು, ನನಗೆ ಬುದ್ಧಿ ಬಂತು ಎಂದು ಓದುಗರು ಕಾಯುತ್ತಿರಬಹುದು. ಹಾಗೇನೂ ಆಗಲಿಲ್ಲ. ಆ ಪದರ ಗಟ್ಟಿಯಾಗಿತ್ತು, ಚಪ್ಪಡಿಗಳು ಸೊಗಸಾಗಿ ಎದ್ದವು, ಸೇಡಂಗೆ ಗಾಡಿಗಳು ಹೊರಟವು. ಸಾಹುಕಾರರು ನನ್ನ ಬೆನ್ನು ತಟ್ಟಿದರು. ಕೆಟ್ಟದ್ದು ಬೇರೆ. ಬೇಗ ಬಂದು ಹರಟುತ್ತಿದ್ದವರು ಈಗ ಸರಿಯಾದ ಹೊತ್ತಿಗೆ ಬಂದು ಸರಿಯಾದ ಹೊತ್ತಿಗೆ ಹೋಗತೊಡಗಿದರು. ಎದ್ದ ಚಪ್ಪಡಿಯ ಮುಖ ಯಾರೂ ನೋಡುತ್ತಿರಲಿಲ್ಲ. ಯಾವುದಾದರೂ ಮುಕ್ಕಾದರೆ "ಗೆರಿ ಇತ್ರಿ, ಹೊಡದೀವಿ" ಅಷ್ಟೇ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ "ಬರ್ರಿ, ಒಂದ್ ರೊಟ್ಟಿ ಉಣ್ರಿ" ಎಂದು ಕರೆಯುತ್ತಿದ್ದವರು ತಮ್ಮಷ್ಟಕ್ಕೆ ಉಂಡು ಏಳುತ್ತಿದ್ದರು. ಮನೆಯಲ್ಲೂ ನಾನು ಕೇಳಿದ್ದಕ್ಕಷ್ಟೇ ಕಾಕಾ ಉತ್ತರ ಕೊಟ್ಟು ಮುಗಿಸುತ್ತಿದ್ದರು. ಇಡೀ ಊರಿನಲ್ಲಿ ನನಗೆಂದು ಇದ್ದದ್ದು ಆ ಒಂದು ಮನೆ, ಅದೂ ಛತ್ರದ ಹಾಗಾಯಿತು.

ಕಾಕಾಗೆ ವಯಸ್ಸಾಯಿತು, ದಣಿದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ದೊಡ್ಡ ಮನಸ್ಸು ಮಾಡಿ ಒಂದು ದಿನ ಎಲ್ಲರ ಎದುರಿಗೆ, "ನೀವು ಹಿರಿಯರು, ಇನ್ನು ಹಾರೆ ಹಿಡೀಬೇಡಿ. ನೆರಳಲ್ಲಿ ಕೂತಿರಿ, ನಿಮ್ಮ ಕೂಲಿಗೇನೂ ಕಡಿಮೆಯಾಗಲ್ಲ" ಎಂದೆ. ಉಪಕಾರ ಮಾಡಿದೆನೆಂದು ನನಗೆ ಎದೆ ತುಂಬಿ ಬಂದಿತ್ತು. ಕಾಕಾ ಕೂತರು. ನಾಲ್ಕು ದಿನ ಕೂತರು. ಐದನೆಯ ದಿನ ಖಣಿಗೆ ಬರಲಿಲ್ಲ.

ಸಂಜೆ ಮನೆಗೆ ಬಂದರೆ ಕಾಕಿ ಒಲೆಯ ಮುಂದಿನಿಂದ ಎದ್ದು ಬಂದಳು. ಆಕೆ ನನ್ನೊಂದಿಗೆ ದನಿ ಏರಿಸಿ ಮಾತಾಡಿದ್ದು ಅದೊಂದೇ ಸಲ.

"ವಾಡ್ಯಾಗ ರೈಲಿನ ಹಳಿ ಕೆಲಸಕ್ಕ ಮಂದಿ ಬೇಕಂತ, ಕೇಳ್ಕೊಂಡ್ ಬರಾಕ ಹೋಗ್ಯಾರ. ಈ ವಯಸ್ಸಿನ್ಯಾಗ ಹಳಿ ಮ್ಯಾಲ ಹೋಗ್ತೀನಂತಾರ! ನಾವ್ ನಿಮಗೇನ್ ಮಾಡೀವ್ರಿ?"

"ನಾನು ಒಳ್ಳೇದಕ್ಕೇ ಹೇಳ್ದೆ ಕಾಕಿ. ಅವರಿಗೆ ಕಷ್ಟ ಆಗಬಾರದು ಅಂತ..."

"ಕಷ್ಟ ಯಾರಿಗ್ ಬ್ಯಾಡಾಗಿತ್ತು? ಮೊದಲ ಮುಂಜಾನಿ ಎದ್ದು ಓಡ್ತಿದ್ರು. ಇವತ್ತ ಕಲ್ಲ ಏನಂತದ ನೋಡ್ಬೇಕು ಅಂತಿದ್ರು. ಈಗ ರೊಟ್ಟಿ ಮುಂದ ಕುಂತು, ನಾ ಏನೂ ಮಾಡಿಲ್ಲ, ಯಾಕ ಉಣ್ಲಿ ಅಂತಾರ. ಕೂಲಿ ಕೊಟ್ರ ಆಯ್ತೇನ್ರಿ? ಮನಶ್ಯಾನ್ನ ಕೇಳಬ್ಯಾಡೇನು?"

ನಾನು ಪಡಸಾಲೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು, ಅಳುವೂ ಬಂತು. ಚಪ್ಪರದಡಿ ನೊಣ ಓಡಿಸುತ್ತ ನಾನು ಯಾವ ಸಂಕಟ ಪಟ್ಟಿದ್ದೆನೋ ಅದನ್ನೇ ಎತ್ತಿ ಆ ಮನುಷ್ಯನ ಮಡಿಲಿಗೆ ಹಾಕಿದ್ದೆ, ಅದೂ ಮರ್ಯಾದೆಯ ಹೆಸರಿನಲ್ಲಿ. ಮನುಷ್ಯ ಹೊಟ್ಟೆಪಾಡಿಗೆ ಕೆಲಸಕ್ಕೆ ಬರುತ್ತಾನೆ, ಸರಿ. ಆದರೆ ಬಂದ ಮೇಲೆ ಅವನನ್ನು ಎಬ್ಬಿಸಿ ನಿಲ್ಲಿಸುವುದು ಬೇರೆಯೇ. ಇದು ನನಗೆ ಬರುತ್ತದೆ ಎಂಬ ಹೆಮ್ಮೆ ಬೇಕು. ಇಲ್ಲಿ ಹೊಡೆ, ಅಲ್ಲಿ ಬೇಡ ಎಂದು ಒಂದಿಷ್ಟಾದರೂ ತಾನೇ ನಿರ್ಧರಿಸಬೇಕು. ತಾನು ಬಾರದಿದ್ದರೆ ಎಲ್ಲಿ ಹೋದ ಎಂದು ಕೇಳುವವರು ನಾಲ್ಕು ಜನ ಇರಬೇಕು. ಇದನ್ನು ನನಗೆ ಹಾಸನದಲ್ಲಿ ಯಾರೂ ಕಲಿಸಿರಲಿಲ್ಲ.

ಕಾಕಾ ವಾಡಿಯಿಂದ ಮರಳಿದಾಗ ನಾನು ಇನ್ನೂ ಅಲ್ಲೇ ಕೂತಿದ್ದೆ.

"ತಪ್ಪಾಯ್ತು ಕಾಕಾ. ನಾಳೆ ಒಂದು ದಿನ ಖಣಿಗೆ ಬನ್ನಿ. ಗೆರೆ ಅಳಿಸ್ತೀನಿ. ನನಗೂ ಕಲ್ಲು ಕೇಳೋದು ಕಲಿಸಿ."

ಅವರು ಬಹಳ ಹೊತ್ತು ಪೇಟದ ಧೂಳು ಕೊಡವಿದರು. "ಒಂದ್ ದಿನದಾಗ ಬರಂಗಿಲ್ರಿ ಅದು" ಎಂದರು.

ಮರುದಿನ ನಾನು ಕೊಡಗಟ್ಟಲೆ ನೀರು ಹೊತ್ತು ಸುಣ್ಣದ ಗೆರೆ ತೊಳೆದೆ. ಖಣಿಯ ಮಂದಿಯೆಲ್ಲ ನಿಂತು ನೋಡಿದರು. ಕಾಕಾ ಬಂದರು, ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಬಡಿದೆ. ಎಲ್ಲಿ ಬಡಿದರೂ ನನಗೆ ಟಣ್ ಎಂದೇ ಕೇಳಿಸಿತು. "ಎಲ್ಲಾ ಒಂದೇ ಥರ ಇದೆಯಲ್ಲ!" ಎಂದೆ. ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಖಣಿಗೆ ಖಣಿಯೇ ನಕ್ಕಿತು. "ಮುನಶಿ ಸಾಹೇಬ್ರ ಕಿವ್ಯಾಗ ಸುಣ್ಣಾ ತುಂಬ್ಯಾದ್ರೀ!" ಎಂದು ಯಾರೋ ಕೂಗಿದರು. ಕಾಕಾನೂ ನಕ್ಕರು. ತಿಂಗಳುಗಳ ಮೇಲೆ ಆ ನಗೆ ಕೇಳಿ ನನಗೆ ಆದ ಹಗುರ ಇಷ್ಟಿಷ್ಟಲ್ಲ. ಅವರು ವಾಡಿಯ ಹಳಿ ಕೆಲಸಕ್ಕೆ ಹೋಗಲಿಲ್ಲ. "ಕಲ್ಲ ನಾವ್ ಕೇಳ್ತೀವಿ. ಅಳತಿ ನೀವ್ ಹೇಳ್ರಿ. ಎರಡೂ ಕೂಡ್ಸೋಣು" ಎಂದರು. ಹಾಗೆಯೇ ನಡೆಯಿತು. ಮಧ್ಯಾಹ್ನ ಐದಾರು ಬುತ್ತಿಗಳಿಂದ ನನಗೆ ಕರೆ ಬಂತು.

ಮುಂದಿನ ವರ್ಷಗಳು ಓಡಿದವು. ನನ್ನ ಮಾತಿನಲ್ಲಿ "ಭಾಳ", "ಜಲ್ದಿ" ಸೇರಿಕೊಂಡವು, ಮನೆಗೆ ಬರೆಯುವ ಕಾಗದ ಚಿಕ್ಕದಾಗುತ್ತ ಬಂತು. ಎರಡು ಮೂರು ಬಗೆಯ ಸದ್ದು ಬೇರೆ ಬೇರೆಯಾಗಿ ನನಗೂ ಕೇಳಿಸತೊಡಗಿತು. ಒಮ್ಮೆ ನಾನು ತೋರಿಸಿದ ಜಾಗದಲ್ಲೇ ಚಪ್ಪಡಿ ಇಡಿಯಾಗಿ ಎದ್ದಾಗ ಹೆಂಗಸರು ನನ್ನ ಕೊರಳಿಗೆ ಬೇವಿನ ಸೊಪ್ಪಿನ ಹಾರ ಹಾಕಿ ಗೋಳು ಹೊಯ್ದುಕೊಂಡರು. ನನ್ನ ಬಾಳಿನಲ್ಲಿ ಬಿದ್ದ ಹಾರ ಅದೊಂದೇ.

ಐವತ್ತಾರರ ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋದೆ. ಕೆಲವೇ ತಿಂಗಳಲ್ಲಿ ಅವರೂರು, ನಮ್ಮೂರು ಒಂದೇ ರಾಜ್ಯಕ್ಕೆ ಸೇರುವುದರಲ್ಲಿದ್ದವು. ಅರಸೀಕೆರೆಯಲ್ಲಿ ಇಳಿದು ತೆಂಗಿನ ಸಾಲು ಕಂಡಾಗ ಹೆಜ್ಜೆ ತಾನಾಗಿಯೇ ಬಿರುಸಾಯಿತು. ಅಮ್ಮನ ಕೈಯ ಮುದ್ದೆ, ಬಸ್ಸಾರು, ಹಿತ್ತಲಿನ ತಣ್ಣನೆ ಮಣ್ಣು. ಎರಡು ದಿನ ಸ್ವರ್ಗದಲ್ಲಿದ್ದೆ. ಮೂರನೆಯ ದಿನ ನನ್ನ ತಮ್ಮ ಹೊಲಕ್ಕೆ ಹೊರಟಾಗ ನಾನೂ ನೇಗಿಲಿಗೆ ಕೈ ಹಾಕಿದೆ. "ಅಯ್ಯೋ ಬಿಡಣ್ಣ, ನೀನು ಕೂತ್ಕೊ" ಎಂದ. ಕೊಟ್ಟಿಗೆಗೆ ಹೋದರೆ ತಮ್ಮನ ಹೆಂಡತಿ ಪೊರಕೆ ಕಸಿದುಕೊಂಡಳು. ಬಾವಿಯ ಹಗ್ಗ ಹಿಡಿದರೆ ನೆರೆಯವರು ಓಡಿ ಬಂದರು. ಬದುವಿನ ಮೇಲೆ ಹೊಸ ಸಸಿ ಎಲ್ಲಿ ನೆಡಬೇಕೆಂದು ಅವರೆಲ್ಲ ಮಾತಾಡಿಕೊಂಡರು, ನನ್ನನ್ನು ಯಾರೂ ಕೇಳಲಿಲ್ಲ. ಪ್ರೀತಿಗೇನೂ ಕೊರತೆಯಿರಲಿಲ್ಲ. ಹುಟ್ಟಿದ ಮನೆಯಲ್ಲಿ ನಾನು ನೆಂಟನಾಗಿದ್ದೆ. ಯಾರ ತಪ್ಪೂ ಅಲ್ಲ, ನಾನಿಲ್ಲದೆ ಬದುಕುವುದನ್ನು ಅವರು ಕಲಿಯಲೇಬೇಕಾಗಿತ್ತು.

ಅಷ್ಟರಲ್ಲಿ ಶಹಾಬಾದಿನಿಂದ ಒಂದು ಕಾರ್ಡು ಬಂತು. ಕಾಕಾ ಶಾಲೆಯ ಮಾಸ್ತರರಿಂದ ಬರೆಸಿದ್ದರು. "ಹೊಸ ಪದರ ತೆರದೀವಿ. ಎಲ್ಲಾರೂ ನಿಂತು ಕೇಳಿದ ಮ್ಯಾಲೇ ಮೊದಲ ಏಟು ಅಂತ ಮಂದಿ ಅಂತಾರ. ನೀವು ಬರೂತನಕ ಬ್ಯಾರೆ ಕಡಿ ಕೆಲಸ ಮಾಡಾಕತ್ತೀವಿ. ಫಿಕರ್ ಮಾಡಬ್ಯಾಡ್ರಿ."

ಆ ಕಾರ್ಡನ್ನು ಎಷ್ಟು ಸಲ ಓದಿದೆನೋ. ರಜೆ ಇನ್ನೂ ಒಂದು ವಾರ ಉಳಿದಿತ್ತು. ನಾನು ಪೆಟ್ಟಿಗೆಗೆ ಬಟ್ಟೆ ತುಂಬುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ನೀನಿಲ್ಲದಿದ್ರೆ ಅಲ್ಲಿ ಕೆಲಸ ನಿಂತುಹೋಗುತ್ತೇನಪ್ಪ?"

"ಇಲ್ಲಮ್ಮ, ನಿಲ್ಲಲ್ಲ."

"ಮತ್ತೆ?"

"ನನಗೋಸ್ಕರ ಕಾಯ್ತಿದಾರೆ."

ಅಮ್ಮ ಒಳಗೆ ಬಂದು, ನಾನು ಮುದುರಿ ಹಾಕಿದ್ದ ಅಂಗಿಯನ್ನು ತೆಗೆದು, ಸರಿಯಾಗಿ ಮಡಿಸಿ, ಪೆಟ್ಟಿಗೆಯಲ್ಲಿಟ್ಟರು.

"ಆರು ವರ್ಷದಿಂದ ನಾನೂ ಕಾಯ್ತಾನೇ ಇದೀನಿ ಮಗ" ಎಂದರು.