ಮಿಲಿಟರಿ ಕುದುರಿಯ ಸೀಟಿ

ಗಡಿಯಾಗ ಲಡಾಯಿ ಮುಗಿದ ಮ್ಯಾಲೆ ಮಿಲಿಟರಿಯವರು ಹೆಚ್ಚಾದ ಕುದುರಿ ಲಿಲಾವ್ ಮಾಡಿದ್ರು. ನಾನೂ ಹೆಂಡತೀನೂ ಹೋಗಿ, ಸವಾಲು ಕೂಗಿ ಒಂದನ್ನ ಕೊಂಡು, ಬ್ಯಾಡಗಿಗೆ ತಂದು ಟಾಂಗಾಕ್ಕ ಹೂಡಿದ್ವಿ. ಮೇವು ಹಾಕಾಕಿ ಆಕೀನ. ಆಕಿ ತೀರಿದ ಮ್ಯಾಲೆ ಕುದುರಿ ಮೂರು ದಿನ ಏನೂ ತಿನ್ನಲಿಲ್ಲ. ಇದೂ ಹೋಗ್ತದ ಅಂತ ಕುಂತಿದ್ದೆ.

ಕದರಮಂಡಲಗಿಗೆ ಹೋಗಾಕ ಒಬ್ಬ ರಿಟೈರ್ ಸಿಪಾಯಿ ಟಾಂಗಾ ಕೇಳಾಕ ಬಂದ. ಮಿಲಿಟರಿ ಕುದುರಿ, ಮೂರು ದಿನಾತು ಮೇವು ಮುಟ್ಟಿಲ್ಲ ಅಂತ ಹೇಳಿದೆ.

“ಯಜಮಾನ್ರ, ಸೀಟಿ ಹೊಡೀರಿ. ಪಲ್ಟನ್ನಾಗ ಸೀಟಿ ಹೊಡೆಯೂ ತನಕ ಕುದುರಿ ತಿನ್ನಂಗಿಲ್ಲ” ಅಂದು ತಾನ ಹೊಡೆದ.

ಕುದುರಿ ಮೇವಿನ ಬಕೀಟಿಗೆ ಬಾಯಿ ಹಾಕೇ ಬಿಡ್ತು! ಸಿಪಾಯಿನ್ನ ಅಪ್ಪಿಕೊಂಡು ಕುಣಿದೆ.

ಆಮ್ಯಾಲೆ ನೆನಪಾತು. ನನ್ನಾಕಿ ದಿನಾ ಮೇವು ಹಾಕುವಾಗ ಸೀಟಿ ಹೊಡೀತಿದ್ಲು. “ಹೆಣ್ಣಾಗಿ ಸೀಟಿ ಹೊಡೀತಿ, ನಾಚಿಕಿ ಇಲ್ಲೇನು?” ಅಂತ ಬೈತಿದ್ದೆ. ಲಿಲಾವಿನಾಗ ಆಕಿ ಯಾರನ್ನರ ಕೇಳಿ ತಿಳ್ಕೊಂಡಿರಬೇಕು. ಯಾಕ ಹೊಡೀತಿ ಅಂತ ನಾನು ಆಕೀನ್ನ ಕೇಳಲೇ ಇಲ್ಲ.

ಈಗ ನಾನ ಹೊಡೀತೇನಿ. ಹಲ್ಲಿಲ್ಲದ ಬಾಯಾಗ ಬರೇ ಗಾಳಿ ಬರ್ತದ. ಕುದುರಿ ಒಂದೀಟು ನನ್ನ ಮಾರಿ ನೋಡಿ, ಹೋಗ್ಲಿ ಬಿಡು ಅನ್ನಂಗ ತಿಂತದ.