ವೀಳ್ಯ ಹಿಡಿದು ಹೋದ ಇಮೇಲು

ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಬೆಳ್ಳಿಯಪ್ಪನವರ ಮನೆತನದಲ್ಲಿ ಮದುವೆಗೆ ಕರೆಯುವುದೆಂದರೆ ಬರೀ ಕಾರ್ಡು ಹಂಚುವುದಲ್ಲ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಹಿರಿಯರು ಮನೆಮನೆಗೆ ಹೋಗಬೇಕು. ಯಾರಾದರೂ ವೀಳ್ಯ ಮುಟ್ಟದೆ ಮುಖ ತಿರುಗಿಸಿದರೆ ಅವರ ಜಗಲಿಯ ಮೇಲೇ ಕೂತು ‘ನಮ್ಮಿಂದ ಏನು ತಪ್ಪಾಯಿತು’ ಎಂದು ಕೇಳಬೇಕು. ಆಗಲೂ ಒಪ್ಪದಿದ್ದರೆ ಇನ್ನೊಂದು ದಿನ ಮತ್ತೆ ಹೋಗಬೇಕು. ಹೀಗಾಗಿ ಅವರ ಕಡೆಯವರಲ್ಲಿ ಇವತ್ತಿಗೂ ಯಾರಿಗೂ ಒಂದು ಜಗಳವನ್ನು ನೆಟ್ಟಗೆ ಆಡಿ ಮುಗಿಸಲು ಆಗಿಲ್ಲ. ಪದ್ಧತಿಯೇನೋ ಒಳ್ಳೆಯದೇ. ಇಮೇಲಿಗೆ ಮಾತ್ರ ಆಗಿಬರುವುದಿಲ್ಲ.

ನಾನು ಅರಸೀಕೆರೆಯವಳು. ಗಂಡನಿಗೆ ಕೊಯಮತ್ತೂರಿನ ಪಂಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದು, ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವ ಬದಲು ಎರಡು ಸಾವಿರದ ಆರರಲ್ಲಿ ಬೆಳ್ಳಿಯಪ್ಪನವರ ಆಫೀಸು ಸೇರಿದೆ. ಅವರದು ಅಡುಗೆಮನೆಯ ಟವೆಲು ನೇಯ್ದು ಹೊರದೇಶಕ್ಕೆ ಕಳಿಸುವ ಪವರ್‌ಲೂಮ್ ಶೆಡ್ಡು. ‘ಮನೇಲಿ ಕನ್ನಡನಾ ಕಣ್ಣು ಮಾತಾಡೋದು?’ ಎಂದು ಕೇಳಿದರು. ‘ಕಣ್ಣು’ ಅಂದರೆ ಆ ಕಡೆ ‘ಮಗಳೇ’ ಎಂದ ಹಾಗೆ. ಹೌದೆಂದೆ. ಇಂಟರ್‌ವ್ಯೂ ಮುಗಿಯಿತು. ಅವರ ಮನೆಯಲ್ಲೂ ಕನ್ನಡವೇ, ಆದರೆ ಪೂರ್ವಿಕರು ಯಾವ ಕಾಲದಲ್ಲಿ ಬಂದು ನೆಲೆಸಿದರೋ ಯಾರಿಗೂ ನೆನಪಿಲ್ಲ. ಓದುಬರಹವೆಲ್ಲ ತಮಿಳಿನಲ್ಲಿ. ಕನ್ನಡದ ಒಂದಕ್ಷರವೂ ಅವರಿಗೆ ಬಾರದು.

ಮಗ್ಗದ ಸದ್ದಿನಲ್ಲಿ ಬೆಳೆದ ಮನುಷ್ಯ, ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಇಮೇಲನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಹೊಡೆಸುತ್ತಿದ್ದರು. ‘ಚಿಕ್ಕಕ್ಷರ ಅಷ್ಟು ದೂರ ಕೇಳ್ಸಲ್ಲ ಕಣ್ಣು’ ಎನ್ನುವುದು ಅವರ ವಾದ. ಜವಳಿ ಮೇಳದ ಮಳಿಗೆಯಲ್ಲಿ ಒಂದು ಗಾಜಿನ ಬೋಗುಣಿ ಇಟ್ಟು, ಬಂದವರೆಲ್ಲರಿಂದ ವಿಸಿಟಿಂಗ್ ಕಾರ್ಡು ಹಾಕಿಸಿಕೊಂಡಿದ್ದರು. ಸಾಲದ್ದಕ್ಕೆ ನೆಂಟರ ಕಂಪನಿಗಳಿಗೆ ಬಂದಿದ್ದ ಕಾರ್ಡುಗಳನ್ನೂ ಗೋಣಿಚೀಲದಲ್ಲಿ ತರಿಸಿದರು. ಆ ವಿಳಾಸಗಳಿಗೆಲ್ಲ ಪ್ರತಿ ಸೋಮವಾರ ಟವೆಲಿನ ಹೊಸ ಚೌಕಳಿ ವಿನ್ಯಾಸಗಳು ಹೋಗಬೇಕು.

‘ನಮ್ಮ ಮೇಲು ಬೇಡವಾದವರು ಇಲ್ಲಿ ಒತ್ತಿ’ ಎಂಬ ಸಾಲೊಂದನ್ನು ಕೆಳಗೆ ಹಾಕಲೇಬೇಕು, ಅದು ನಿಯಮ ಎಂದೆ. ಅವರಿಗೆ ನೋವಾಯಿತು.

‘ಊಟಕ್ಕೆ ಕೂತೋರಿಗೆ ಯಾರಾದ್ರೂ ಬಾಗ್ಲು ತೋರಿಸ್ತಾರಾ?’

ಕೊನೆಗೆ ಆ ಸಾಲು ತಿಳಿಬೂದು ಬಣ್ಣದಲ್ಲಿ, ಇರುವೆಗಾತ್ರದಲ್ಲಿ ಕೂತಿತು. ಅದನ್ನೂ ಹುಡುಕಿ ಕೆಲವರು ಒತ್ತಿದರು. ಒತ್ತಿದವರ ಹೆಸರು ತೆಗೆಯಲು ಬೆಳ್ಳಿಯಪ್ಪನವರು ಬಿಡಲಿಲ್ಲ. ಬದಲಿಗೆ ‘ನಮ್ಮಿಂದ ಏನು ತಪ್ಪಾಯಿತು’ ಎಂದು ಅವರಿಗೆ ಇನ್ನೊಂದು ಮೇಲು. ಅದೂ ದೊಡ್ಡಕ್ಷರದಲ್ಲಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮತ್ತೊಂದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ‘ಅಣ್ಣ, ಇದು ಕರೆಯೋದಲ್ಲ, ಕಾಟ ಕೊಡೋದು’ ಎಂದೆ. ‘ನಿಮ್ಮ ಕಡೇಲಿ ಹಂಗಿರಬೌದು ಕಣ್ಣು’ ಎಂದು ನನ್ನ ಜಿಲ್ಲೆಯ ಬಗ್ಗೆಯೇ ಮರುಕಪಟ್ಟರು.

ಮೇಲು ಪಡೆದವರಿಗೆ ಅಷ್ಟು ಮರುಕವಿರಲಿಲ್ಲ. ಒಬ್ಬೊಬ್ಬರಾಗಿ ‘ಸ್ಪ್ಯಾಮ್’ ಗುಂಡಿ ಒತ್ತತೊಡಗಿದರು.

ಇದರ ಬಿಸಿ ತಟ್ಟಿದ್ದು ಜೂನ್ ತಿಂಗಳಲ್ಲಿ. ಬೆಲ್ಜಿಯಂನಲ್ಲಿ ಒಬ್ಬ ಖಾಯಂ ಗಿರಾಕಿ ಇದ್ದರು. ಬೆಳ್ಳಿಯಪ್ಪನವರ ಬಾಯಲ್ಲಿ ಅವರು ‘ಬೆಲ್ಜಿಯಂ ಅಮ್ಮ’. ಕ್ರಿಸ್‌ಮಸ್ಸಿಗೆ ಬೇಕಾದ ಟವೆಲಿನ ಆರ್ಡರು ಪ್ರತಿವರ್ಷ ಅವರಿಂದ ಬರುತ್ತಿತ್ತು, ಶೆಡ್ಡಿನ ಅರ್ಧ ವರ್ಷದ ಕೆಲಸ ಅದೇ. ಆ ಅಮ್ಮ ಫೋನ್ ಮಾಡಿ, ಬಣ್ಣದ ಚಿತ್ರಗಳು ಇನ್ನೂ ಬಂದಿಲ್ಲ, ಈ ತಿಂಗಳೊಳಗೆ ಬರದಿದ್ದರೆ ಆರ್ಡರು ಬೇರೆಯವರಿಗೆ ಎಂದರು. ನಾವೋ ಕಳಿಸಿ ಕಳಿಸಿ ಸುಸ್ತಾಗಿದ್ದೆವು. ಅವರ ಮೇಲುಪೆಟ್ಟಿಗೆ ಇದ್ದ ದೊಡ್ಡ ಕಂಪನಿ, ಆ ಸ್ಪ್ಯಾಮ್ ದೂರುಗಳನ್ನು ನೋಡಿ, ನಮ್ಮ ಹೆಸರಿನಲ್ಲಿ ಬಂದದ್ದನ್ನೆಲ್ಲ ಬಾಗಿಲಲ್ಲೇ ತಡೆಯುತ್ತಿತ್ತು. ಫ್ಯಾಕ್ಸ್ ಮಾಡಿದೆವು. ಕೆಂಪು, ಹಸಿರು, ನೀಲಿ ಎಲ್ಲ ಅಲ್ಲಿ ಕಪ್ಪಾಗಿ ಇಳಿದವು. ನನ್ನ ಸ್ವಂತ ವಿಳಾಸದಿಂದ ಕಳಿಸಿದೆ. ನೋಂದಾಯಿಸಿದ ವಿಳಾಸದಿಂದ ಬರದ ಚಿತ್ರವನ್ನು ತಮ್ಮ ಕಚೇರಿ ಒಪ್ಪುವುದಿಲ್ಲ ಎಂದರು ಆಯಮ್ಮ.

ಮಗ್ಗದವರೆಲ್ಲ ಆಫೀಸಿನ ಕಿಟಕಿಯಲ್ಲಿ ಇಣುಕತೊಡಗಿದರು. ಅಲ್ಲಿ ಮೂವತ್ತು ವರ್ಷದಿಂದ ನೂಲು ಸುತ್ತುತ್ತಿದ್ದ ಪಾಪಾತಿ, ‘ಯೆನ್ನಾಚ್ಚು, ಏನಾಯ್ತು, ಮೆಷಿನ್‌ಗೆ ಜ್ವರವಾ?’ ಎಂದು ಕಂಪ್ಯೂಟರನ್ನು ಮುಟ್ಟಿ ನೋಡಿ ಹೋದರು.

ತಡೆ ತೆಗೆಯಿರೆಂದು ಆ ಮೇಲು ಕಂಪನಿಗೆ ಅರ್ಜಿ ಹಾಕಲು ಒಂದು ಪುಟ ಇತ್ತು. ಯಾವ ಯಂತ್ರದಿಂದ ಮೇಲು ಕಳಿಸುತ್ತೀರೋ ಅದನ್ನು ನಿಮ್ಮ ಹೆಸರಿನ ದಾಖಲೆಯಲ್ಲಿ ತೋರಿಸಿದ್ದೀರಾ? ಸತ್ತುಹೋದ ವಿಳಾಸಗಳಿಗೆ ಕಳಿಸುವುದನ್ನು ನಿಲ್ಲಿಸಿದ್ದೀರಾ? ಇವೆರಡನ್ನು ನಾನು ಒಂದು ಮಧ್ಯಾಹ್ನ ಕೂತು ಸರಿಮಾಡಿದೆ. ಕೊನೆಯ ಪ್ರಶ್ನೆ: ಬೇಡವೆಂದವರ ಹೆಸರನ್ನು ಕೂಡಲೇ ತೆಗೆಯುತ್ತೀರಾ?

‘ಹೌದು ಅಂತ ಹಾಕ್ಬಿಡ್ಲಾ?’ ಎಂದೆ.

‘ತೆಗ್ದಿಲ್ವಲ್ಲ.’

‘ಹಾಗಾದ್ರೆ ತೆಗೀತೀನಿ.’

‘ತೆಗೀಬೇಡ.’

ಸುಳ್ಳು ಬರೆಯಲೂ ಬಿಡರು, ನಿಜ ಮಾಡಲೂ ಬಿಡರು. ಅತ್ತ ದರಿ, ಇತ್ತ ಪುಲಿ. ನಾನು ಟಿಫನ್ ಡಬ್ಬಿ ಚೀಲಕ್ಕೆ ತುರುಕಿ, ಮನೆಗೆ ಹೋಗುತ್ತೇನೆ ಎಂದು ಎದ್ದೆ. ನಿಜಕ್ಕೂ ಹೊರಟಿದ್ದೆ.

ಆಗಲೇ ಒಂದು ಉತ್ತರ ಬಂತು. ‘ಏನು ತಪ್ಪಾಯಿತು’ ಎಂದು ಮೂರನೆಯ ಸಲ ಕೇಳಿದ್ದ ಮೇಲಿಗೆ. ಐರ್ಲೆಂಡಿನ ಒಂದು ಸಣ್ಣ ಊರಿನ ಮೌರೀನ್ ಎಂಬಾಕೆ ಬರೆದಿದ್ದರು. ನಾನು ನಿಂತಲ್ಲೇ ಕನ್ನಡದಲ್ಲಿ ಓದಿ ಹೇಳಿದೆ: ‘ನಿಮ್ಮದೇನೂ ತಪ್ಪಿಲ್ಲ. ಮೇಳದಲ್ಲಿ ಕಾರ್ಡು ಕೊಟ್ಟವರು ನನ್ನ ಗಂಡ. ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಂಗಡಿ ಮುಚ್ಚಿದೆ. ದಯವಿಟ್ಟು ಇನ್ನು ಬರೆಯಬೇಡಿ.’

ಬೆಳ್ಳಿಯಪ್ಪನವರು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ಸಾವಿನ ಮನೆಗೆ ವೀಳ್ಯ ಹಿಡ್ಕೊಂಡು ಮೂರು ದಪಾ ಹೋಗಿದೀವಲ್ಲ ಕಣ್ಣು’ ಎಂದರು. ‘ವರ್ಷ ತುಂಬೋ ತನಕ ಆ ಮನೆ ಬಾಗ್ಲಿಗೆ ಹೋಗ್ಬಾರ್ದು. ಸಣ್ಣ ಮಕ್ಕಳಿಗೂ ಗೊತ್ತು.’

‘ನಿಮಗೆ ಹೇಗೆ ಗೊತ್ತಾಗ್ಬೇಕಿತ್ತು ಅಣ್ಣ?’

‘ಬೇಡಾಂತ ಒತ್ತಿದ್ರಲ್ಲ. ಅದೇ ಹೇಳಿ ಕಳಿಸ್ದಂಗೆ.’

ಡಬ್ಬಿಯನ್ನು ಚೀಲದಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟೆ.

ಅವತ್ತು ಅವರೇ ನನ್ನ ಪಕ್ಕದಲ್ಲಿ ಕೂತು ಬೇಡವೆಂದವರ ಹೆಸರುಗಳನ್ನು ಒಂದೊಂದಾಗಿ ತೆಗೆಸಿದರು. ಯಾರ ಮನೆಯಲ್ಲಿ ಏನಿದೆಯೋ ಎಂದು ಪ್ರತಿ ಹೆಸರಿಗೂ ತಲೆ ತಗ್ಗಿಸಿದರು. ಬರ್ಮಿಂಗ್‌ಹ್ಯಾಮಿನ ಒಬ್ಬ, ಸರಿಯಾಗಿ ಬೈದು ಬರೆದಿದ್ದವನು, ಅವನಿಗೂ ತಗ್ಗಿಸಿದರು. ತಿಳಿಬೂದು ಸಾಲು ಕಪ್ಪಾಯಿತು, ದೊಡ್ಡದಾಯಿತು. ಇಮೇಲಿನ ದೊಡ್ಡಕ್ಷರಗಳು ಚಿಕ್ಕವಾದವು. ಗೋಣಿಚೀಲದ ಕಾರ್ಡುಗಳು ನೆಂಟರಿಗೇ ವಾಪಸಾದವು.

ಎಲ್ಲ ಮುಗಿಯಿತು ಎನ್ನುವಾಗ ಹೊಸ ತಕರಾರು. ಬೇಡವೆಂದು ಒತ್ತಿದವರಿಗೆ ‘ನಿಮ್ಮನ್ನು ತೆಗೆದುಹಾಕಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಕಾಣುತ್ತಿತ್ತು. ಅದರ ಅರ್ಥ ಕೇಳಿ ತಿಳಿದುಕೊಂಡ ಬೆಳ್ಳಿಯಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

‘ಹೋಗು ಅಂತ ಯಾರಾದ್ರೂ ಮನುಷ್ಯರಿಗೆ ಹೇಳ್ತಾರಾ? ಹೋಗ್ಬಿಟ್ಟು ಬನ್ನಿ ಅಂತ ಹಾಕು.’

‘ಇಂಗ್ಲಿಷ್‌ನಲ್ಲಿ ಹಾಗೆ ಹೇಳಲ್ಲ ಅಣ್ಣ.’

‘ನಾವು ಹೇಳ್ತೀವಿ.’

ಹಾಕಿದೆ. ಓದಿದರೆ ನನಗೇ ನಗು ಬರುತ್ತಿತ್ತು. ಅರ್ಜಿಯ ಕೊನೆಯ ಪ್ರಶ್ನೆಗೆ ಹೌದು ಎಂದು ತುಂಬಿ, ಕಳಿಸುವ ಗುಂಡಿ ಒತ್ತುವ ಗೌರವವನ್ನು ಅವರಿಗೇ ಬಿಟ್ಟೆ.

ತಿಂಗಳು ಮುಗಿಯುವ ಮುಂಚೆ ತಡೆ ತೆರವಾಯಿತು. ಬೆಲ್ಜಿಯಂ ಅಮ್ಮನಿಗೆ ಕೆಂಪು ಕೆಂಪಾಗಿಯೇ ತಲುಪಿ, ಆರ್ಡರು ಬಂತು. ಕಂಪ್ಯೂಟರಿನ ಜ್ವರ ಬಿಟ್ಟಿತೆಂದು ಪಾಪಾತಿ ಅದಕ್ಕೆ ವಿಭೂತಿ ಹಚ್ಚಿದರು. ಸೋಮವಾರದ ಮೇಲುಗಳು ಈಗ ಮೊದಲಿನ ಕಾಲುಭಾಗ ಜನಕ್ಕೆ ಹೋಗುತ್ತಿದ್ದವು. ಆದರೆ ಅಷ್ಟು ಜನವೂ ಅದನ್ನು ತೆರೆದು ನೋಡುತ್ತಿದ್ದರು.

ಮರುವರ್ಷ ಮಾರ್ಚಿನಲ್ಲಿ ಒಂದು ಬೆಳಗ್ಗೆ ಮೇಲು ತೆರೆದಾಗ ಮೌರೀನ್ ಹೆಸರು ಕಂಡಿತು. ನಮ್ಮ ಕಡೆಯಿಂದ ತಪ್ಪಿ ಇನ್ನೊಂದೇನಾದರೂ ಹೋಯಿತೇನೋ ಎಂದು ಹೆದರಿ ಓದಿದೆ. ಆಮೇಲೆ ಮಗ್ಗದ ಸದ್ದನ್ನೂ ಮೀರಿ ಬೆಳ್ಳಿಯಪ್ಪನವರನ್ನು ಕೂಗಿದೆ.

‘ನಿಮಗೆ ಬರೆದ ಮೇಲೂ ನಂಬಿಕೆ ಬಾರದೆ ಬೇಡವೆಂದು ಇನ್ನೊಮ್ಮೆ ಒತ್ತಿದ್ದೆ. ನೀವು ಹೋಗಿ ಬನ್ನಿ ಎಂದಿದ್ದಿರಿ’ ಎಂದು ಆಕೆ ಬರೆದಿದ್ದರು. ‘ಅಂಗಡಿಯ ಬಾಗಿಲು ತೆಗೆದಿದ್ದೇನೆ. ನೀಲಿ ಚೌಕಳಿಯ ಟವೆಲು ಇದ್ದರೆ ಚಿತ್ರ ಕಳಿಸಿ.’

ಬೆಳ್ಳಿಯಪ್ಪನವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ‘ಅವರ ಯಜಮಾನರು ಹೋಗಿದ್ದು ಹೋದ ವರ್ಷ ಫೆಬ್ರವರೀಲಿ, ಅಲ್ವಾ ಕಣ್ಣು?’

‘ಹೌದು ಅಣ್ಣ.’

‘ವರ್ಷ ತುಂಬಿಸ್ಕೊಂಡು ಬಂದಿದಾರೆ ನೋಡು’ ಎಂದರು. ‘ನಮ್ಮೋರೇ.’